ಕಪ್ಪು ಕತ್ತಿ, ಅನ್ನಭೇದಿ ಮತ್ತು ನನ್ನ ಅತಿ ಬುದ್ಧಿವಂತಿಕೆ

ಆಯುಧ ಪೂಜೆಗೆ ಊರಿಗೆ ಹೋಗಿದ್ದೆ. ದೊಡ್ಡಪ್ಪನ ಮನೆ ಅಟ್ಟದಲ್ಲಿ ಹಿಡಿ ಇಲ್ಲದ ಹಳೇ ಕತ್ತಿಯೊಂದಿದೆ. ಕಪ್ಪಗಿತ್ತು. ಹೊಳೆಯಲಿ ಅಂತ ಉಪ್ಪುಕಾಗದ ಹಾಕಿ ಒಂದು ಗಂಟೆ ಉಜ್ಜಿದೆ. ಫಳಫಳ! ದೊಡ್ಡಪ್ಪ ನೋಡಿ, "ಅಲ್ಲಯ್ಯಾ, ಅದರ ಮುಖಾನೇ ಕಿತ್ತು ಹಾಕಿದ್ಯಲ್ಲೋ" ಅಂದರು. ಮತ್ತೆ ಮಾತಾಡಲಿಲ್ಲ.

ಆಮೇಲೆ ಓದುತ್ತಾ ಹೋದೆ. ಕತ್ತಿಯ ಕಪ್ಪು ಕೊಳೆಯಲ್ಲ, ಎಷ್ಟೋ ಸಲ ಬೇಕೆಂದೇ ತರಿಸಿದ್ದು!

ನಮ್ಮ ಸೀಮೆಗೂ ಈ ಕಥೆಗೂ ನಂಟಿದೆ. ಶ್ರೀರಂಗಪಟ್ಟಣ ಬಿದ್ದ ಮರುವರ್ಷ, 1800ರಲ್ಲಿ, ಫ್ರಾನ್ಸಿಸ್ ಬುಕಾನನ್ ಮೈಸೂರು ಸೀಮೆ ಸುತ್ತಿ ಇಲ್ಲಿ ಉಕ್ಕು ಮಾಡುವುದನ್ನು ಬರೆದಿಟ್ಟ. ಮಣ್ಣಿನ ಮೂಸೆಯೊಳಗೆ ಕಬ್ಬಿಣದ ತುಂಡು, ಜೊತೆಗೆ ತಂಗಡಿ ಗಿಡದ ಕಡ್ಡಿ, ಒಂದಷ್ಟು ಹಸಿ ಎಲೆ. ಬಾಯಿ ಮುಚ್ಚಿ ತಿದಿ ಊದುವುದು. ಸೌದೆಯ ಇಂಗಾಲ ಕಬ್ಬಿಣಕ್ಕೆ ಸೇರಿ ಉಕ್ಕಾಗುತ್ತಿತ್ತು. 1795ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಜಾರ್ಜ್ ಪಿಯರ್ಸನ್ ಇದನ್ನು 'ವೂಟ್ಸ್' ಅಂತ ಕರೆದ. ಅದು ನಮ್ಮ 'ಉಕ್ಕು' ಪದವೇ ಕೆಟ್ಟು ಆದದ್ದು ಎನ್ನುವುದು ಬಹಳ ಜನ ಒಪ್ಪುವ ಮಾತು. ಕಮ್ಮಾರನ ಮಗ ಮೈಕೆಲ್ ಫ್ಯಾರಡೆ ಕೂಡ 1819ರಲ್ಲಿ ಇದರ ಗುಟ್ಟು ಹುಡುಕಲು ಕೂತ.

ಈ ಉಕ್ಕಿನಲ್ಲಿ ನೂರಕ್ಕೆ ಒಂದೂವರೆ ಪಾಲಿನಷ್ಟು ಇಂಗಾಲ. ಅದು ಕಬ್ಬಿಣದೊಡನೆ ಸೇರಿ ಗಟ್ಟಿ ಕಣಗಳಾಗಿ ಸಾಲುಗಟ್ಟುತ್ತದೆ. ಆದರೆ ನಯ ಮಾಡಿದ ಅಲಗಿನಲ್ಲಿ ಅದು ಕಾಣುವುದಿಲ್ಲ! ಅನ್ನಭೇದಿ ಕರಗಿಸಿದ ನೀರನ್ನೋ ಹುಳಿಯನ್ನೋ ಸವರಿದಾಗ ಸುತ್ತಲ ಉಕ್ಕು ಕಪ್ಪಾಗಿ, ಆ ಕಣಗಳು ಮಾತ್ರ ಬೆಳ್ಳಗೆ ಉಳಿದು ನೀರಿನ ಅಲೆಯಂಥ ಗೆರೆ ಏಳುತ್ತದೆ. ಆ ಗೆರೆಯೇ ಉಕ್ಕಿನ ಗುರುತು. ನಾನು ಉಜ್ಜಿದ್ದು ಅದನ್ನೇ ಇರಬಹುದಾ ಅಂತ ಈಗ ಹೊಟ್ಟೆಯೊಳಗೆ ಸಂಕಟ...

ಸರಿ, ಮತ್ತೆ ಕಪ್ಪು ತರಿಸುವುದು ಹೇಗೆ? ಮೊದಲು ಹಳೇ ಅಡುಗೆ ಚಾಕು ಒಂದರ ಮೇಲೆ ಮಾಡಿ ನೋಡಿದೆ (ಸ್ಟೇನ್‌ಲೆಸ್ ಆದರೆ ಆಗಲ್ಲ). ಸೋಪಿನ ನೀರಲ್ಲಿ ಜಿಡ್ಡು ಪೂರ್ತಿ ತೆಗೆದೆ. ಹಾಲು ಸಕ್ಕರೆ ಇಲ್ಲದ ಕಡು ಚಹಾ ಆರಿಸಿ, ಸ್ವಲ್ಪ ವಿನೆಗರ್ ಬೆರೆಸಿ ಕೆಲವು ಗಂಟೆ ಮುಳುಗಿಸಿದೆ. ಚಹಾದ ಒಗರು ಕಬ್ಬಿಣದೊಡನೆ ಸೇರಿ ನೀಲಿಗಪ್ಪು ಬಂತು. ತೊಳೆದು, ಹುಳಿ ಸಾಯಲು ಅಡುಗೆ ಸೋಡಾ ನೀರಲ್ಲಿ ಅದ್ದಿ, ಒರೆಸಿ, ಹೊಲಿಗೆ ಮಿಷಿನ್ ಎಣ್ಣೆ ಸವರಿದೆ.

ಮಾಡಬಾರದ್ದು ಎರಡು. ಬೆಂಕಿಗೆ ಹಿಡಿಯಬೇಡಿ, ಬಣ್ಣವೇನೋ ಬರುತ್ತೆ, ಆದರೆ ಇನ್ನೂರು ಡಿಗ್ರಿ ದಾಟಿದರೆ ಅಲಗಿನ ಹದ ಹೋಗಬಹುದು. ಕಕ್ಕಸು ತೊಳೆಯುವ ಆಸಿಡ್ ಬೇಡವೇ ಬೇಡ; ಉಕ್ಕನ್ನು ತಿಂದು ತುಕ್ಕು ಹಿಡಿಸುತ್ತೆ.

ದೊಡ್ಡಪ್ಪನ ಕತ್ತಿಗೆ ಮಾತ್ರ ಚಹಾ ಮುಟ್ಟಿಸಿಲ್ಲ. ಅದು ನಿಜಕ್ಕೂ ಹಳೇ ಉಕ್ಕಾಗಿದ್ದರೆ, ತಿಳಿದವರಿಗೆ ತೋರಿಸುವ ಮುಂಚೆ ನನ್ನದು ಇನ್ನೊಂದು ಬುದ್ಧಿವಂತಿಕೆ ಬೇಡ. ಎಣ್ಣೆ ಸವರಿ ಅಟ್ಟಕ್ಕಿಟ್ಟು ಬಂದೆ. ನಿಮ್ಮ ಮನೆ ಅಟ್ಟದಲ್ಲೂ ಕಪ್ಪು ಕತ್ತಿ ಇದ್ದರೆ, ಪೂಜೆ ಆದಮೇಲೆ ಕುಂಕುಮ, ನೀರು ಒರೆಸಿ ಎಣ್ಣೆ ಹಚ್ಚಿಡಿ. ದಯವಿಟ್ಟು ಉಜ್ಜಬೇಡಿ!