ವೆಬ್‌ಸೈಟ್ ಮಾಡಿಸುವ ಮುನ್ನ: ಅಂಗಡಿಗಳು ಮತ್ತು ಸಂಘ-ಸಂಸ್ಥೆಗಳು ತಿಳಿದಿರಬೇಕಾದದ್ದು

ವೆಬ್‌ಸೈಟ್ ಮಾಡಿಸಬೇಕು ಎಂಬ ಮಾತು ಸಂಘ-ಸಂಸ್ಥೆಗಳಲ್ಲಿ ಸಾಮಾನ್ಯವಾಗಿ ವಾರ್ಷಿಕ ಮಹಾಸಭೆಯ ದಿನ ಹುಟ್ಟುತ್ತದೆ. ಸರ್ವಾನುಮತದಿಂದ ಒಪ್ಪಿಗೆಯಾಗುತ್ತದೆ, ಪರಿಚಯದ ಹುಡುಗನೊಬ್ಬನಿಗೆ ಕೆಲಸ ವಹಿಸಲಾಗುತ್ತದೆ, ಮುಂದಿನ ಸಮಾರಂಭದಲ್ಲಿ ಗಣ್ಯರ ಕೈಯಿಂದ ಉದ್ಘಾಟನೆಯೂ ಆಗುತ್ತದೆ. ಎರಡು ಮೂರು ವರ್ಷ ಕಳೆದ ಮೇಲೆ ಅದೇ ವಿಳಾಸ ತೆರೆದರೆ ಕಾಣುವುದು ಹಿಂದಿನ ಕಾರ್ಯದರ್ಶಿಯ ಫೋನ್ ನಂಬರು ಮತ್ತು ಮುಗಿದುಹೋದ ಕಾರ್ಯಕ್ರಮದ ಆಹ್ವಾನ ಪತ್ರಿಕೆ. ಕೆಲವೊಮ್ಮೆ ಅದೂ ಇರುವುದಿಲ್ಲ, ಆ ಜಾಗದಲ್ಲಿ ಯಾವುದೋ ಜೂಜಾಟದ ಜಾಹೀರಾತು ಕುಳಿತಿರುತ್ತದೆ. ಅಂಗಡಿಗಳ ಕಥೆಯೂ ಹೆಚ್ಚು ಬೇರೆಯಲ್ಲ. ಇದಕ್ಕೆ ತಂತ್ರಜ್ಞಾನದ ಕೊರತೆ ಕಾರಣವಲ್ಲ. ಈ ಆಸ್ತಿ ಯಾರ ಹೆಸರಿನಲ್ಲಿರುತ್ತದೆ, ನೋಡಲು ಬರುವವರಿಗೆ ಏನು ಬೇಕು, ನಾಳೆ ಇದನ್ನು ತಿದ್ದುವವರು ಯಾರು ಎಂಬ ಪ್ರಶ್ನೆಗಳನ್ನು ಮೊದಲ ದಿನ ಯಾರೂ ಕೇಳಿರುವುದಿಲ್ಲ.

ಮೊದಲು ಖಾತೆ, ಆಮೇಲೆ ಕಟ್ಟಡ

ಮನೆ ಕಟ್ಟಲು ಸೈಟ್ ಕೊಳ್ಳುವಾಗ ಖಾತೆ, ಋಣಭಾರ ಪತ್ರ ನೋಡದೆ ಯಾರೂ ಮುಂಗಡ ಕೊಡುವುದಿಲ್ಲ. ವೆಬ್‌ಸೈಟ್ ಎಂಬ ಈ ಇನ್ನೊಂದು ಸೈಟಿನ ವಿಷಯದಲ್ಲಿ ಮಾತ್ರ ಆ ಎಚ್ಚರ ಮರೆತುಹೋಗುತ್ತದೆ. ಡಾಟ್ ಕಾಮ್, ಡಾಟ್ ಆರ್ಗ್, ಡಾಟ್ ಇನ್ ಎಂದು ಕೊನೆಯಾಗುವ ವಿಳಾಸಕ್ಕೆ ಡೊಮೇನ್ ಹೆಸರು ಎನ್ನುತ್ತಾರೆ. ಇದೇ ಇಲ್ಲಿನ ಖಾತೆ. ಪುಟಗಳನ್ನು ಇಡುವ ಹೋಸ್ಟಿಂಗ್ ಎಂಬುದು ಬಾಡಿಗೆ ಗೋದಾಮು ಇದ್ದಂತೆ. ಗೋದಾಮು ಸರಿಯಿಲ್ಲದಿದ್ದರೆ ಮಾಲನ್ನು ಬೇರೆ ಕಡೆಗೆ ಸಾಗಿಸಬಹುದು. ಆದರೆ ಹೆಸರು ಕೈತಪ್ಪಿದರೆ ಲೆಟರ್‌ಹೆಡ್, ರಸೀದಿ ಪುಸ್ತಕ, ಬೋರ್ಡು, ವಿಸಿಟಿಂಗ್ ಕಾರ್ಡು ಎಲ್ಲದರ ಮೇಲೂ ಅಚ್ಚಾಗಿರುವ ವಿಳಾಸ ಬೇರೊಬ್ಬರದಾಗುತ್ತದೆ.

ಬಹಳಷ್ಟು ಕಡೆ ಡೊಮೇನನ್ನು ವೆಬ್‌ಸೈಟ್ ಮಾಡಿಕೊಡುವವರೇ ತಮ್ಮ ಲಾಗಿನ್‌ನಲ್ಲಿ, ತಮ್ಮ ಇಮೇಲ್ ಕೊಟ್ಟು ನೋಂದಾಯಿಸಿರುತ್ತಾರೆ. ಇದರ ಹಿಂದೆ ದುರುದ್ದೇಶ ಇರಲೇಬೇಕೆಂದಿಲ್ಲ, ಅವರಿಗೆ ಅದು ಸುಲಭ ಅಷ್ಟೆ. ಆದರೆ ಅವರು ಕೆಲಸ ಬಿಟ್ಟು ಪುಣೆಗೋ ದುಬೈಗೋ ಹೋದರೆ, ಅಥವಾ ಹಣದ ವಿಷಯದಲ್ಲಿ ಮನಸ್ತಾಪ ಬಂದರೆ, ಸಂಸ್ಥೆಯ ಬಳಿ ಹಕ್ಕು ತೋರಿಸಲು ದಾಖಲೆ ಇರುವುದಿಲ್ಲ. ನವೀಕರಣದ ಸೂಚನೆಗಳೂ ಅವರ ಇಮೇಲಿಗೇ ಹೋಗುತ್ತವೆ. ಅವಧಿ ಮುಗಿದ ಡಾಟ್ ಕಾಮ್ ಹೆಸರನ್ನು ನೋಂದಣಿ ಕಂಪನಿ ರದ್ದು ಮಾಡಿದ ಮೇಲೂ ಹೆಚ್ಚುವರಿ ಶುಲ್ಕ ಕಟ್ಟಿ ಬಿಡಿಸಿಕೊಳ್ಳಲು 30 ದಿನಗಳ ಅವಕಾಶವಿದೆ. ಅದೂ ದಾಟಿದರೆ ಹೆಸರು ಮಾರುಕಟ್ಟೆಗೆ ಬರುತ್ತದೆ, ಮೊದಲು ಕೊಂಡವರದಾಗುತ್ತದೆ. ಹಳೆಯ, ಜನ ನಂಬಿದ ವಿಳಾಸಗಳನ್ನೇ ಕಾದು ಕೊಳ್ಳುವವರು ಇದ್ದಾರೆ. ಜೂಜಾಟದ ಜಾಹೀರಾತು ಬಂದು ಕೂರುವುದು ಹೀಗೆ. ಡಾಟ್ ಇನ್ ಹೆಸರುಗಳ ಮೇಲ್ವಿಚಾರಣೆ ನಿಕ್ಸಿ ಸಂಸ್ಥೆಯದು. ಅಲ್ಲಿ ತಕರಾರು ಬಗೆಹರಿಸುವ ಮಧ್ಯಸ್ಥಿಕೆಯ ವ್ಯವಸ್ಥೆ ಇದೆ, ಆದರೆ ಅದಕ್ಕೆ ಶುಲ್ಕ, ದಾಖಲೆ, ಓಡಾಟ ಎಲ್ಲವೂ ಬೇಕು. ಸಾಮಾನ್ಯವಾಗಿ ವರ್ಷಕ್ಕೆ ಸಾವಿರದ ಆಸುಪಾಸಿನಲ್ಲಿ ಮುಗಿಯುವ ಖರ್ಚನ್ನು ಮರೆತು ಈ ಕಷ್ಟಕ್ಕೆ ಬೀಳಬಾರದು.

ಆದ್ದರಿಂದ ಡೊಮೇನ್ ಟ್ರಸ್ಟಿನ ಅಥವಾ ಅಂಗಡಿಯ ಹೆಸರಿನಲ್ಲೇ ನೋಂದಣಿಯಾಗಬೇಕು, ಹಣವೂ ಅದರದೇ ಖಾತೆಯಿಂದ ಹೋಗಬೇಕು, ಬಿಲ್ ಕಡತದಲ್ಲಿರಬೇಕು. ನೋಂದಣಿಗೆ ಕೊಡುವ ಇಮೇಲ್ ಅಧ್ಯಕ್ಷರ ಸ್ವಂತದ್ದಾಗದೆ ಸಂಸ್ಥೆಗೆಂದೇ ತೆರೆದದ್ದಾಗಿರಲಿ. ಒಟಿಪಿ ಬರುವ ಮೊಬೈಲ್ ನಂಬರು ಕಚೇರಿಯದ್ದಾಗಿರಲಿ. ಡಾಟ್ ಕಾಮ್ ಹೆಸರನ್ನು ಒಮ್ಮೆಗೇ 10 ವರ್ಷದವರೆಗೂ ನೋಂದಾಯಿಸಬಹುದು. ಪದಾಧಿಕಾರಿಗಳು ಎರಡು ಮೂರು ವರ್ಷಕ್ಕೊಮ್ಮೆ ಬದಲಾಗುವ ಸಂಸ್ಥೆಗಳಿಗೆ ಕನಿಷ್ಠ ಐದು ವರ್ಷದ್ದು ಕಟ್ಟಿಡುವುದು ಒಳ್ಳೆಯದು. ಮೊದಲ ವರ್ಷ ತೀರಾ ಅಗ್ಗ ಎಂದು ತೋರಿಸುವ ಕಡೆ ನವೀಕರಣದ ದರ ಎಷ್ಟೆಂದು ಮೊದಲೇ ಕೇಳಬೇಕು.

ಹೇಳಿ ಮಾಡಿಸುವ ವೆಬ್‌ಸೈಟಿನಲ್ಲಿ ಇನ್ನೊಂದು ಸೂಕ್ಷ್ಮವಿದೆ. ದುಡ್ಡು ಕೊಟ್ಟು ಮಾಡಿಸಿದ ಮಾತ್ರಕ್ಕೆ ಅದರ ಕೋಡ್ ತನ್ನದು ಎಂದು ಎಲ್ಲರೂ ತಿಳಿದಿರುತ್ತಾರೆ. 1957ರ ಕೃತಿಸ್ವಾಮ್ಯ ಕಾಯ್ದೆಯಂತೆ ಹೊರಗಿನವರಿಂದ ಬರೆಸಿದ ಕೋಡಿನ ಹಕ್ಕು, ಒಪ್ಪಂದ ಇಲ್ಲದಿದ್ದರೆ, ಬರೆದವರ ಬಳಿಯೇ ಉಳಿಯುತ್ತದೆ. ಹಕ್ಕಿನ ವರ್ಗಾವಣೆ ಬರಹದಲ್ಲಿರಬೇಕು, ಸಹಿ ಇರಬೇಕು. ಅವಧಿ ಬರೆಯದಿದ್ದರೆ ಐದು ವರ್ಷ ಎಂದೇ ಲೆಕ್ಕ. ಒಂದು ಪುಟದ ಕರಾರು ಸಾಕು: ಕೋಡ್, ಚಿತ್ರ, ವಿನ್ಯಾಸದ ಹಕ್ಕು ಶಾಶ್ವತವಾಗಿ ಸಂಸ್ಥೆಗೆ ಸೇರಿದ್ದು, ಕೊನೆಯ ಕಂತಿನ ಹಣ ಕೊಡುವ ಮೊದಲು ಎಲ್ಲ ಲಾಗಿನ್ ಹಾಗೂ ಪೂರ್ಣ ಪ್ರತಿ ಕೈಗೆ ಬರಬೇಕು ಎಂದು.

ಎಲ್ಲರಿಗೂ ಬೇಕೇ?

ಬೇಡ. ಊರಿನ ಪೇಟೆಯಲ್ಲಿರುವ ಪಾತ್ರೆ ಅಂಗಡಿಗೋ ಕಿರಾಣಿ ಅಂಗಡಿಗೋ ಮೊದಲು ಬೇಕಾದದ್ದು ಗೂಗಲ್ ಮ್ಯಾಪಿನಲ್ಲಿ ಸರಿಯಾದ ಗುರುತು, ತೆರೆಯುವ ವೇಳೆ, ವಾರದ ರಜೆ, ನಾಲ್ಕು ಫೋಟೋ. ಅದಕ್ಕೆ ಕಾಸು ಖರ್ಚಿಲ್ಲ. ವಾಟ್ಸ್‌ಆ್ಯಪ್ ಬಿಸಿನೆಸ್‌ನಲ್ಲಿ ಸಾಮಾನುಗಳ ಪಟ್ಟಿಯನ್ನೂ ಹಾಕಬಹುದು. ಗಿರಾಕಿ ದೂರದ ಊರಿನವರಾಗಿದ್ದರೆ, ಸಗಟು ವ್ಯಾಪಾರವಿದ್ದರೆ, ಅಥವಾ ಕೊಳ್ಳುವ ಮೊದಲು ಅಂಗಡಿಯ ಬಗ್ಗೆ ನಾಲ್ಕು ಕಡೆ ವಿಚಾರಿಸುವಂಥ ವ್ಯಾಪಾರವಾದರೆ ಸ್ವಂತ ವೆಬ್‌ಸೈಟಿಗೆ ಅರ್ಥ ಬರುತ್ತದೆ.

ಆಭರಣದ ಅಂಗಡಿಯನ್ನೇ ನೋಡಬಹುದು. ಚಿನ್ನದ ದರ ದಿನವೂ ಬದಲಾಗುತ್ತದೆ. ಒಡವೆಯ ಫೋಟೋ ಕೆಳಗೆ ಒಂದು ಬೆಲೆ ಬರೆದು ಮರೆತರೆ, ಅದನ್ನು ಮೊಬೈಲಿನಲ್ಲಿ ಹಿಡಿದುಕೊಂಡು ಬಂದ ಗಿರಾಕಿಯೊಂದಿಗೆ ಗಲ್ಲಾಪೆಟ್ಟಿಗೆಯ ಮುಂದೆ ವಾದ ಖಚಿತ. ಅಲ್ಲಿ ಹಾಕಬೇಕಾದದ್ದು ತೂಕ, ಕ್ಯಾರೆಟ್, ಮಜೂರಿ ಹಾಕುವ ರೀತಿ, 3% ಜಿಎಸ್‌ಟಿ, ಹಳೆ ಚಿನ್ನ ಬದಲಾಯಿಸುವಾಗಿನ ನಿಯಮ. 2023ರ ಏಪ್ರಿಲ್ 1ರಿಂದ ಹಾಲ್‌ಮಾರ್ಕ್ ಕಡ್ಡಾಯವಿರುವ ಒಡವೆಗಳನ್ನು ಆರಂಕಿಯ ಎಚ್‌ಯುಐಡಿ ಇಲ್ಲದೆ ಮಾರುವಂತಿಲ್ಲ. ಅದನ್ನು ಗಿರಾಕಿ ಹೇಗೆ ಪರೀಕ್ಷಿಸಬಹುದು ಎಂದು ಕನ್ನಡದಲ್ಲಿ ಹೇಳುವ ಒಂದು ಪುಟ ಹತ್ತು ಜಾಹೀರಾತಿಗಿಂತ ಹೆಚ್ಚು ಕೆಲಸ ಮಾಡುತ್ತದೆ.

ವೆಬ್‌ಸೈಟಿನಲ್ಲೇ ಮಾರಾಟ ಮಾಡುವುದಾದರೆ 2020ರ ಇ-ಕಾಮರ್ಸ್ ಗ್ರಾಹಕ ರಕ್ಷಣಾ ನಿಯಮಗಳು ಅನ್ವಯಿಸುತ್ತವೆ. ವ್ಯಾಪಾರದ ಪೂರ್ಣ ಹೆಸರು, ವಿಳಾಸ, ಮಾಲು ಹಿಂದಿರುಗಿಸುವ ಷರತ್ತು, ದೂರು ಕೇಳುವ ಅಧಿಕಾರಿಯ ಹೆಸರು ಕಾಣುವಂತಿರಬೇಕು. ದೂರು ಬಂದದ್ದನ್ನು 48 ಗಂಟೆಯೊಳಗೆ ಒಪ್ಪಿಕೊಂಡು ಒಂದು ತಿಂಗಳಲ್ಲಿ ಬಗೆಹರಿಸಬೇಕು.

ಬರುವವರು ಏನು ಕೇಳುತ್ತಾರೆ?

ಪುಟಗಳ ಯೋಜನೆಗೆ ದೊಡ್ಡ ತಜ್ಞರು ಬೇಕಿಲ್ಲ. ಕಚೇರಿಯ ಫೋನಿನ ಪಕ್ಕ ಒಂದು ನೋಟ್‌ಬುಕ್ ಇಟ್ಟು, ಒಂದು ತಿಂಗಳು ಬರುವ ಕರೆಗಳಲ್ಲಿ ಜನ ಏನು ಕೇಳಿದರು ಎಂದು ಬರೆದಿಟ್ಟರೆ ಸಾಕು. ವಿದ್ಯಾರ್ಥಿನಿಲಯ ನಡೆಸುವ ಟ್ರಸ್ಟಿಗೆ ಬರುವ ಪ್ರಶ್ನೆಗಳು ಗೊತ್ತಿರುವಂಥವೇ: ಈ ವರ್ಷದ ಅರ್ಜಿ ಬಿಟ್ಟಿದ್ದಾರೆಯೇ, ಕೊನೆಯ ದಿನ ಯಾವುದು, ಪಿಯುಸಿಗೆ ಎಷ್ಟು ಅಂಕ ಬೇಕು, ವರ್ಷಕ್ಕೆ ಎಷ್ಟು ಹಣ, ಸಂದರ್ಶನಕ್ಕೆ ತಂದೆ ಬರಬೇಕೇ. ಯಾತ್ರಾಸ್ಥಳದ ವಸತಿಗೃಹಕ್ಕಾದರೆ ಕೊಠಡಿ ಖಾಲಿ ಇದೆಯೇ, ಬಸ್ಸು ಎಲ್ಲಿಗೆ ಬರುತ್ತದೆ, ಭೋಜನಶಾಲೆ ಸಂಜೆ ಎಷ್ಟು ಹೊತ್ತಿಗೆ ಮುಚ್ಚುತ್ತದೆ. ಸೂರ್ಯಾಸ್ತಕ್ಕೆ ಮೊದಲು ಊಟ ಮುಗಿಯಬೇಕಾದಲ್ಲಿ ಡಿಸೆಂಬರಿನ ವೇಳೆ ಬೇರೆ, ಮೇ ತಿಂಗಳ ವೇಳೆ ಬೇರೆ. ವರ್ಷವಿಡೀ ಒಂದೇ ವೇಳೆ ಬರೆದಿಟ್ಟರೆ ದೂರದಿಂದ ಬಂದ ಕುಟುಂಬ ಹಸಿದುಕೊಂಡು ಮಲಗಬೇಕಾಗುತ್ತದೆ.

ಈ ಪ್ರಶ್ನೆಗಳಿಗೆ ಉತ್ತರ ಮೊದಲ ಪುಟದಲ್ಲೇ, ಮೊಬೈಲ್ ಪರದೆಯಲ್ಲಿ ಕಾಣಬೇಕು. ಹೆಚ್ಚಿನ ಜನ ನೋಡುವುದು ಮೊಬೈಲಿನಲ್ಲೇ. ಸಂಸ್ಥಾಪಕರ ಭಾವಚಿತ್ರ, ಅಧ್ಯಕ್ಷರ ಸಂದೇಶ, ಪದಾಧಿಕಾರಿಗಳ ಸಾಲು ಚಿತ್ರ ಇವಕ್ಕೆಲ್ಲ ಒಳಪುಟದಲ್ಲಿ ಗೌರವದ ಜಾಗವಿದೆ. ಅರ್ಜಿಯ ಕೊನೆಯ ದಿನಾಂಕ ಹುಡುಕುತ್ತಿರುವ ಹಳ್ಳಿಯ ತಂದೆಗೆ ಅವು ಮೊದಲು ಬೇಕಾಗಿಲ್ಲ. ಪ್ರತಿ ಸೂಚನೆಯ ಕೆಳಗೂ ವರ್ಷ ಸಮೇತ ದಿನಾಂಕ ಇರಲೇಬೇಕು. ಹೋದ ವರ್ಷದ ಅರ್ಜಿಯನ್ನು ತುಂಬಿ ಕಳುಹಿಸಿದ ಹುಡುಗಿಯ ಸೀಟು ತಪ್ಪಿದರೆ ಅದಕ್ಕೆ ಉತ್ತರ ಹೇಳುವವರು ಯಾರೂ ಇರುವುದಿಲ್ಲ.

ಇಷ್ಟೇ ಕೆಲಸವಾದರೆ ವರ್ಡ್‌ಪ್ರೆಸ್‌ನಂಥ ಉಚಿತ ತಂತ್ರಾಂಶದ ಸಿದ್ಧ ಮಾದರಿ ಸಾಕು. ಕೊಠಡಿ ಕಾದಿರಿಸುವಿಕೆ, ಅರ್ಜಿಗಳ ಪರಿಶೀಲನೆ, ಸಗಟು ಗಿರಾಕಿಗಳಿಗೆ ಬೇರೆ ಬೇರೆ ದರ, ಇಂಥ ಅಗತ್ಯ ಇದ್ದಾಗ ಮಾತ್ರ ಪ್ರತ್ಯೇಕವಾಗಿ ಕಟ್ಟಿಸಬೇಕು. ಕಟ್ಟಿಸಿದ್ದು ಕಟ್ಟಿದವನೊಬ್ಬನಿಗೇ ಅರ್ಥವಾಗುವಂತೆ ಇರಬಾರದು.

ಕನ್ನಡ ಅಕ್ಷರದ ತೊಡಕು

ಸಂಸ್ಥೆಯ ಇತಿಹಾಸ, ಸ್ಮರಣ ಸಂಚಿಕೆಯ ಲೇಖನಗಳು ಬಹುತೇಕ ಡಿಟಿಪಿ ಅಂಗಡಿಯಲ್ಲಿ ನುಡಿ, ಶ್ರೀಲಿಪಿಯಂಥ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಟೈಪಾಗಿರುತ್ತವೆ. ಅವನ್ನು ಹಾಗೆಯೇ ಪುಟಕ್ಕೆ ಹಾಕಿದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಗೋಜಲು ಕಾಣುತ್ತದೆ. ಇದರಿಂದ ತಪ್ಪಿಸಿಕೊಳ್ಳಲು ಕೆಲವರು ಪುಟದ ಫೋಟೋ ತೆಗೆದು ಹಾಕಿಬಿಡುತ್ತಾರೆ. ಫೋಟೋದಲ್ಲಿರುವ ಬರಹ ಹುಡುಕಿದಾಗ ಸುಲಭವಾಗಿ ಸಿಗುವುದಿಲ್ಲ, ಮೊಬೈಲಿನಲ್ಲಿ ದೊಡ್ಡದು ಮಾಡಿದರೆ ಸಾಲು ಆಚೆ ಹೋಗುತ್ತದೆ, ದೃಷ್ಟಿಯಿಲ್ಲದವರಿಗೆ ಓದಿ ಹೇಳುವ ತಂತ್ರಾಂಶಕ್ಕೂ ಅದು ಬರಿಯ ಚಿತ್ರ. ಎಲ್ಲ ಬರಹ ಯೂನಿಕೋಡ್‌ನಲ್ಲೇ ಇರಬೇಕು ಎಂದು ಕರಾರಿನಲ್ಲಿ ಬರೆಯಬೇಕು. ಹಳೆಯದನ್ನು ಯೂನಿಕೋಡ್‌ಗೆ ಬದಲಿಸುವ ಉಚಿತ ಪರಿವರ್ತಕಗಳಿವೆ. ಆದರೆ ಅರ್ಕಾವೊತ್ತು, ಒತ್ತಕ್ಷರಗಳಲ್ಲಿ ಅವು ಎಡವುತ್ತವೆ. ತೀರ್ಥಂಕರ, ಪಾರ್ಶ್ವನಾಥ, ವರ್ಧಮಾನ ಎಂಬ ಹೆಸರುಗಳೇ ಕೆಟ್ಟು ಕೂತಿರುವುದನ್ನು ನೋಡಲಾಗದು. ಬದಲಿಸಿದ ಮೇಲೆ ಕನ್ನಡ ಬಲ್ಲವರೊಬ್ಬರು ಸಾಲು ಸಾಲಾಗಿ ಓದಲೇಬೇಕು.

ಊರಿನ ಹೆಸರನ್ನು ಜನ ಹಲವು ಬಗೆಯಲ್ಲಿ ಬರೆದು ಹುಡುಕುತ್ತಾರೆ. ಮೂಡಬಿದಿರೆ, ಮೂಡುಬಿದಿರೆ, ಮೂಡಬಿದ್ರಿ ಎಲ್ಲವೂ ಒಂದೇ ಊರು. ಇಂಗ್ಲಿಷಿನಲ್ಲಂತೂ ಇನ್ನೂ ಹೆಚ್ಚು. ವಿಳಾಸದ ಪುಟದಲ್ಲಿ ರೂಢಿಯಲ್ಲಿರುವ ಎಲ್ಲ ರೂಪಗಳೂ ಬರುವಂತೆ ನೋಡಿಕೊಳ್ಳಬೇಕು.

ದಾನ ಮತ್ತು ಜನರ ವಿವರ

ದಾನದ ಪುಟದಲ್ಲಿ ಹಾಕುವ ಕ್ಯೂಆರ್ ಕೋಡ್ ಟ್ರಸ್ಟಿನ ಬ್ಯಾಂಕ್ ಖಾತೆಯದ್ದೇ ಆಗಿರಬೇಕು, ಖಜಾಂಚಿಯವರ ಸ್ವಂತ ಖಾತೆಯದ್ದು ಯಾವ ಕಾರಣಕ್ಕೂ ಕೂಡದು. ಕೋಡಿನ ಕೆಳಗೆ, ಹಣ ಕಳುಹಿಸುವಾಗ ಮೊಬೈಲಿನಲ್ಲಿ ಯಾವ ಹೆಸರು ಕಾಣಬೇಕು ಎಂದು ಸ್ಪಷ್ಟವಾಗಿ ಬರೆಯಬೇಕು. ಯಾರಾದರೂ ಪುಟವನ್ನು ನಕಲು ಮಾಡಿ ತಮ್ಮ ಕೋಡ್ ಅಂಟಿಸಿದರೆ ದಾನಿಗೆ ಅನುಮಾನ ಬರುವುದು ಆ ಹೆಸರಿನಿಂದಲೇ. 80ಜಿ ಎಂದು ಎಲ್ಲರೂ ಹೇಳುವ ತೆರಿಗೆ ರಿಯಾಯಿತಿಯ ಅನುಮೋದನೆ ಇದ್ದರೆ ದಾನಿಗಳ ಪಟ್ಟಿಯನ್ನು ಆದಾಯ ತೆರಿಗೆ ಇಲಾಖೆಗೆ ಸಲ್ಲಿಸಬೇಕಾಗುತ್ತದೆ. ಹಾಗಾಗಿ ಹೆಸರು, ವಿಳಾಸ, ಪ್ಯಾನ್ ಕೇಳುವ ನಮೂನೆ ಅಲ್ಲೇ ಇರಲಿ. 2,000 ರೂಪಾಯಿ ಮೀರಿದ ನಗದು ದಾನಕ್ಕೆ ಈ ರಿಯಾಯಿತಿ ಇಲ್ಲ ಎಂಬುದನ್ನೂ ಬರೆದಿಡಬೇಕು.

ಹೊರದೇಶದ ಹಣದ ವಿಷಯದಲ್ಲಿ ತುಂಬಾ ಎಚ್ಚರ ಬೇಕು. ಅಮೆರಿಕದಲ್ಲಿದ್ದೂ ಭಾರತದ ಪೌರತ್ವ ಇಟ್ಟುಕೊಂಡವರು ತಮ್ಮ ಉಳಿತಾಯದಿಂದ ಕೊಡುವುದು ವಿದೇಶಿ ದೇಣಿಗೆ ಎನಿಸುವುದಿಲ್ಲ. ಅಲ್ಲಿಯ ಪೌರತ್ವ ಪಡೆದವರು, ಇದೇ ಊರಿನಲ್ಲಿ ಹುಟ್ಟಿ ಬೆಳೆದವರೇ ಆದರೂ, ವಿದೇಶಿ ಮೂಲವೇ. ಎಫ್‌ಸಿಆರ್‌ಎ ನೋಂದಣಿ ಇಲ್ಲದ ಟ್ರಸ್ಟ್ ಅವರಿಂದ ಹಣ ಪಡೆಯುವಂತಿಲ್ಲ. ನೋಂದಣಿ ಇದ್ದರೂ ಅದು ಮೊದಲು ಬರಬೇಕಾದದ್ದು ಭಾರತೀಯ ಸ್ಟೇಟ್ ಬ್ಯಾಂಕಿನ ನವದೆಹಲಿ ಮುಖ್ಯ ಶಾಖೆಯ ಖಾತೆಗೆ. ಆದ್ದರಿಂದ ನೋಂದಣಿ ಇಲ್ಲದವರು ಪೇಮೆಂಟ್ ಗೇಟ್‌ವೇಯಲ್ಲಿ ವಿದೇಶಿ ಕಾರ್ಡುಗಳ ಸೌಲಭ್ಯವನ್ನು ಮುಚ್ಚಿಸಿ, ಪೌರತ್ವದ ಪ್ರಶ್ನೆಯನ್ನು ನಮೂನೆಯಲ್ಲೇ ಸೇರಿಸುವುದು ಕ್ಷೇಮ.

ಸದಸ್ಯರ ಫೋನ್ ಡೈರೆಕ್ಟರಿ, ವಧೂವರರ ವಿವರ, ಮಕ್ಕಳ ಅಂಕಪಟ್ಟಿ ಸಮೇತ ಪುರಸ್ಕಾರದ ಪಟ್ಟಿ, ಇವನ್ನು ಪುಸ್ತಕದಲ್ಲಿ ಅಚ್ಚು ಹಾಕಿ ಹಂಚುವುದು ಹಳೆಯ ಪದ್ಧತಿ. ಪುಸ್ತಕ ನಾಲ್ಕು ಮನೆಗೆ ಹೋಗುತ್ತದೆ, ವೆಬ್‌ಸೈಟ್ ಲೋಕಕ್ಕೆಲ್ಲ ತೆರೆದಿರುತ್ತದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ವಿವರ ಪಡೆಯುವಾಗ ಒಪ್ಪಿಗೆ ಕೇಳುತ್ತದೆ, 18 ವರ್ಷದೊಳಗಿನವರದ್ದಾದರೆ ತಂದೆ-ತಾಯಿಯ ಒಪ್ಪಿಗೆ. ಒಪ್ಪಿದವರ ವಿವರ ಕೂಡ ಲಾಗಿನ್ ಹಿಂದೆ ಇರುವುದೇ ಸರಿ.

ಪದಾಧಿಕಾರಿಗಳು ಬದಲಾದಾಗ

ವೆಬ್‌ಸೈಟಿನ ಉಸ್ತುವಾರಿಯನ್ನು ಕಾರ್ಯಕಾರಿ ಸಮಿತಿ ನಿರ್ಣಯ ಮಾಡಿ ಇಬ್ಬರ ಹೆಸರಿಗೆ ವಹಿಸಬೇಕು. ಒಬ್ಬರು ವಯಸ್ಸಿನಲ್ಲಿ ಕಿರಿಯರು, ಇನ್ನೊಬ್ಬರು ಕಚೇರಿಯಲ್ಲಿ ದಿನವೂ ಸಿಗುವವರು ಆಗಿದ್ದರೆ ಅನುಕೂಲ. ವರ್ಷದ ಬಜೆಟ್ಟಿನಲ್ಲಿ ನವೀಕರಣ ಮತ್ತು ನಿರ್ವಹಣೆಗೆ ಒಂದು ಬಾಬ್ತು ಇರಬೇಕು. ಇಲ್ಲದಿದ್ದರೆ ಯಾರೋ ಒಬ್ಬರು ಕೈಯಿಂದ ಕಟ್ಟುತ್ತಾರೆ, ಅವರು ಮರೆತ ವರ್ಷ ಎಲ್ಲವೂ ನಿಲ್ಲುತ್ತದೆ. ಅಧಿಕಾರ ಹಸ್ತಾಂತರದ ದಿನ ಚೆಕ್ ಪುಸ್ತಕ, ಮೊಹರು, ನಡಾವಳಿ ಪುಸ್ತಕದ ಜೊತೆಗೆ ಡೊಮೇನ್, ಹೋಸ್ಟಿಂಗ್, ಇಮೇಲ್, ಪೇಮೆಂಟ್ ಗೇಟ್‌ವೇಗಳ ಲಾಗಿನ್ ವಿವರ, ಅವುಗಳ ಅವಧಿ ಮುಗಿಯುವ ದಿನಾಂಕ ಮತ್ತು ಕರಾರಿನ ಪ್ರತಿಯನ್ನು ಒಂದು ಲಕೋಟೆಯಲ್ಲಿ ಕೊಟ್ಟು ಸಹಿ ಪಡೆಯಬೇಕು. ಹೊಸ ಸಮಿತಿ ಅದೇ ವಾರ ಎಲ್ಲ ಪಾಸ್‌ವರ್ಡ್ ಬದಲಿಸಬೇಕು. ಹಾಗೆ ಬದಲಿಸಿದರೆ ಹಿಂದಿನವರ ಮೇಲೆ ಅಪನಂಬಿಕೆ ಎಂದು ಯಾರೂ ತಿಳಿಯಬೇಕಾಗಿಲ್ಲ. ಬ್ಯಾಂಕಿನಲ್ಲಿ ಸಹಿ ಬದಲಿಸುವಾಗ ಯಾರೂ ಹಾಗೆ ತಿಳಿಯುವುದಿಲ್ಲ.