ಹೆಬ್ಬಾವಿಗೆ ಕಾಯಿದೆಯ ಬೇಲಿ

ನಮ್ಮ ಹಿತ್ತಲ ತೊಟ್ಟಿಯಲ್ಲಿ ಒಂದು ಆಮೆಯಿದೆ. ಆರು ವರ್ಷದ ಹಿಂದೆ ಮೊಮ್ಮಗನ ಹುಟ್ಟುಹಬ್ಬಕ್ಕೆಂದು ನಾನೇ ಅಂಗಡಿಯಿಂದ ತಂದದ್ದು. ಆಗ ಹಳೆಯ ಬೆಳ್ಳಿ ರೂಪಾಯಿಯಷ್ಟಿತ್ತು. ಕಿವಿಯ ಬಳಿ ಕುಂಕುಮದ ಗೆರೆ ಎಳೆದಂತೆ ಕೆಂಪು ಪಟ್ಟೆ. ಈಗ ಸಣ್ಣ ತಟ್ಟೆಯಷ್ಟಾಗಿದೆ. ಮೊಮ್ಮಗನ ಅಕ್ಕರೆ ಎಂದೋ ಬೇರೆ ಕಡೆಗೆ ಹರಿಯಿತು. ತೊಟ್ಟಿ ತೊಳೆಯುವ ಕೆಲಸ ನನ್ನ ಪಾಲಿಗೆ ಉಳಿಯಿತು. “ಕೆರೆಗೆ ಬಿಟ್ಟುಬಿಡಿ, ಪುಣ್ಯವಾದರೂ ಬಂದೀತು” ಎಂದಳು ನನ್ನಾಕೆ.

ಈ ಮಾತು ನಡೆಯುತ್ತಿದ್ದಾಗಲೇ ನನ್ನ ವಕೀಲ ಮಿತ್ರರು ಬಂದರು. ಇದು ಅಮೆರಿಕದ ಮಿಸಿಸಿಪ್ಪಿ ಕಣಿವೆಯ ಆಮೆ; ನಮ್ಮ ಕೆರೆಗಿಳಿದರೆ ಇಲ್ಲಿನ ಆಮೆಗಳ ಆಹಾರಕ್ಕೂ ಬಿಸಿಲು ಕಾಯುವ ಕಲ್ಲಿಗೂ ಪೈಪೋಟಿಗೆ ನಿಲ್ಲುತ್ತದೆ ಎಂದು ನಾನು ಓದಿದ್ದನ್ನು ಅವರಿಗೆ ಹೇಳಿದೆ. “ಅದಕ್ಕೇನು ರಾಯರೇ, ಬಿಗಿಯಾದ ಕಾಯಿದೆ ಮಾಡಿದರಾಯಿತು” ಎಂದರು. “ಆಮೆ ಕಾಯಿದೆ ಓದುತ್ತದೆಯೆ?” ಎಂದು ನಾನು ಕೇಳಿದೆ. ಅಂದಿನಿಂದ ಮೂರು ಭಾನುವಾರ ನಮ್ಮಲ್ಲಿ ನಡೆದ ವಾದದ ಸಾರವನ್ನು ಇಲ್ಲಿ ಬರೆದಿದ್ದೇನೆ.

ನನ್ನ ಪಕ್ಷಕ್ಕೆ ನಾನು ಕರೆದ ಸಾಕ್ಷಿ ಫ್ಲಾರಿಡದ ಹೆಬ್ಬಾವು. ಅಮೆರಿಕದ ಆ ದಕ್ಷಿಣ ತುದಿಯಲ್ಲಿ ಎವರ್‌ಗ್ಲೇಡ್ಸ್ ಎಂಬ ವಿಶಾಲವಾದ ಜೌಗುನಾಡಿದೆ. ಅಲ್ಲಿ ಇಂದು ಮನೆಮಾಡಿಕೊಂಡಿರುವ ಬರ್ಮಾ ಹೆಬ್ಬಾವಿನ ತವರು ನಮ್ಮ ಈಶಾನ್ಯ ಭಾರತ, ಬರ್ಮಾ ಮತ್ತು ಅದರಾಚೆಯ ದೇಶಗಳು. ಸಾಕುವ ಷೋಕಿಗಾಗಿ ಮರಿಗಳನ್ನು ಹಡಗು ವಿಮಾನಗಳಲ್ಲಿ ತರಿಸಿದರು. ಮರಿ ಹದಿನೈದು ಅಡಿಯ ಹಾವಾದಾಗ ಕೆಲವರು ಜೌಗಿನಲ್ಲಿ ಬಿಟ್ಟು ಕೈತೊಳೆದುಕೊಂಡರು. 1992ರ ಆಂಡ್ರ್ಯೂ ಚಂಡಮಾರುತದಲ್ಲಿ ಹಾವು ಸಾಕುವ ಒಂದು ಕೇಂದ್ರವೇ ನಾಶವಾಯಿತು. ಎವರ್‌ಗ್ಲೇಡ್ಸ್‌ನಲ್ಲಿ ಮೊದಲ ಹೆಬ್ಬಾವು ಸಿಕ್ಕಿದ್ದು 1979ರಲ್ಲಿ. ಅವು ಅಲ್ಲಿಯೇ ಮರಿಮಾಡಿ ನೆಲೆಯೂರಿವೆ ಎಂದು ವಿಜ್ಞಾನಿಗಳು ಒಪ್ಪಿಕೊಂಡದ್ದು 2000ದಲ್ಲಿ.

ಹಾನಿಕಾರಕ ಪ್ರಾಣಿಗಳ ಆಮದನ್ನು ತಡೆಯುವ ಶಾಸನ ಅಮೆರಿಕಕ್ಕೆ ಹೊಸದಲ್ಲ. ಲೇಸಿ ಕಾಯಿದೆ 1900ರಷ್ಟು ಹಳೆಯದು. ಮುಂಗುಸಿಯ ಹೆಸರು ಅದರಲ್ಲಿ ಮೊದಲಿನಿಂದಲೇ ಇತ್ತು. ಬರ್ಮಾ ಹೆಬ್ಬಾವಿನ ಹೆಸರು ಆ ಪಟ್ಟಿಗೆ ಸೇರಿದ್ದು ಮಾತ್ರ 2012ರ ಜನವರಿಯಲ್ಲಿ. ಮೊದಲ ಹಾವು ಕಂಡು ಆಗಲೇ 33 ವರ್ಷವಾಗಿತ್ತು. ಅದೇ ತಿಂಗಳು ಪ್ರಕಟವಾದ ಒಂದು ಅಧ್ಯಯನ, ಹಾವು ನೆಲೆಯೂರಿದ ಪ್ರದೇಶದಲ್ಲಿ ರಕೂನ್‌ಗಳು ಕಣ್ಣಿಗೆ ಬೀಳುವುದು ನೂರಕ್ಕೆ 99ರಷ್ಟೂ, ಬಾಬ್‌ಕ್ಯಾಟ್ ಎಂಬ ಕಾಡುಬೆಕ್ಕು ಕಾಣುವುದು ನೂರಕ್ಕೆ 87ರಷ್ಟೂ ಇಳಿದಿದೆ ಎಂದು ತೋರಿಸಿತು. ಕೋಟೆ ಸೂರೆಹೋದ ಮೇಲೆ ದಿಡ್ಡಿಬಾಗಿಲು ಹಾಕಿದಂತಾಯಿತು. ಆ ದಿಡ್ಡಿಬಾಗಿಲಿಗೂ ಬಿರುಕು ಬಿಟ್ಟಿತು. ಈ ಕಾಯಿದೆಯ ಮಾತುಗಳು ಹೊರಗಿನಿಂದ ತರುವುದನ್ನು ತಡೆಯುತ್ತವೆಯೇ ಹೊರತು, ಭೂಖಂಡದೊಳಗಿನ ಒಂದು ರಾಜ್ಯದಿಂದ ಇನ್ನೊಂದಕ್ಕೆ ಸಾಗಿಸುವುದನ್ನಲ್ಲ ಎಂದು 2017ರಲ್ಲಿ ವಾಷಿಂಗ್ಟನ್ನಿನ ಮೇಲ್ಮನವಿ ನ್ಯಾಯಾಲಯ ತೀರ್ಪು ಕೊಟ್ಟಿತು.

ಮಿತ್ರರು ಸೋಲೊಪ್ಪಲಿಲ್ಲ. “ತಡವಾಗಿ ಬಂದ ಕಾಯಿದೆಯನ್ನು ದೂರಿ, ಒಪ್ಪುತ್ತೇನೆ, ಕಾಯಿದೆಯನ್ನೇ ಏಕೆ ದೂರುತ್ತೀರಿ?” ಎಂದು ಮುಂದಿನ ಭಾನುವಾರ ಪೆಸಿಫಿಕ್ ಸಾಗರದ ಗ್ವಾಮ್ ದ್ವೀಪದ ಕಥೆ ತಂದರು. ಎರಡನೆಯ ಮಹಾಯುದ್ಧದ ನಂತರ ಸರಕಿನೊಡನೆ ಕಂದು ಬಣ್ಣದ ಮರಹಾವೊಂದು ಅಲ್ಲಿಗೆ ಬಂದಿತು. ಕೆಲವು ದಶಕಗಳಲ್ಲಿ ಆ ದ್ವೀಪದ ಕಾಡುಹಕ್ಕಿಗಳಲ್ಲಿ ಬಹುಪಾಲು ಕಣ್ಮರೆಯಾದವು, ಕಾಡು ಮೌನವಾಯಿತು. ಆದರೆ ಗ್ವಾಮ್‌ನಿಂದ ಹೊರಡುವ ಸರಕನ್ನು ತರಬೇತಾದ ನಾಯಿಗಳಿಂದ ಮೂಸಿಸಿ ನೋಡುವ ಕಟ್ಟುಪಾಡು ಬಂದ ಮೇಲೆ, ಆ ಹಾವು ಹವಾಯಿಯಲ್ಲಿ ನೆಲೆಯೂರಲು ಇದುವರೆಗೂ ಆಗಿಲ್ಲ. “ಬಾಗಿಲಲ್ಲಿ ಕುಳಿತ ಕಾಯಿದೆ ಗೆದ್ದಿತಲ್ಲ!” ಎಂದರು.

ನಾನು ಒಪ್ಪಿಕೊಂಡೆ. ಆದರೆ ಬಾಗಿಲು ದಾಟಿ ಒಳಕ್ಕೆ ಬಂದುದನ್ನು ಹುಡುಕುವವರು ಯಾರು? 2013ರಲ್ಲಿ ಫ್ಲಾರಿಡ ಸರ್ಕಾರ ಬಹುಮಾನ ಕಟ್ಟಿ ಹೆಬ್ಬಾವು ಬೇಟೆಯ ಪಂದ್ಯ ಏರ್ಪಡಿಸಿತು. ಸುಮಾರು 1600 ಜನ ಒಂದು ತಿಂಗಳು ಅಲೆದು ಹಿಡಿದದ್ದು 68 ಹಾವು. 2017ರಲ್ಲಿ ತಮಿಳುನಾಡಿನಿಂದ ಇರುಳ ಜನಾಂಗದ ಇಬ್ಬರು ಹಾವಾಡಿಗರನ್ನು ಕರೆಸಿದರು. ಅವರು ಎರಡು ವಾರ ತುಂಬುವ ಮೊದಲೇ 13 ಹಿಡಿದರು. ಹುಲ್ಲಿನ ಮೇಲಿನ ಉಜ್ಜು, ಹಾವಿನ ಹಿಕ್ಕೆ, ಬಿಲದ ಬಾಯಿ—ಇವೇ ಅವರ ಕಾನೂನು ಪುಸ್ತಕ. ಇಲ್ಲೊಂದು ವಿಚಿತ್ರವಿದೆ. ನಮ್ಮ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಿಂದ ಹಾವಿನ ಚರ್ಮದ ವ್ಯಾಪಾರ ನಿಂತು ಇರುಳರ ಅನ್ನಕ್ಕೆ ಕಲ್ಲು ಬಿದ್ದಿತ್ತು. 1978ರಲ್ಲಿ ವಿಷ ತೆಗೆಯುವ ಸಹಕಾರ ಸಂಘ ಹುಟ್ಟದೆ ಹೋಗಿದ್ದರೆ ಆ ವಿದ್ಯೆಯೂ ಅಳಿಯುತ್ತಿತ್ತೇನೋ. ನಮ್ಮಲ್ಲಿ ಅದೇ ಕಾಯಿದೆ ಕಾಪಾಡುವ ಹೆಬ್ಬಾವನ್ನು ಅಲ್ಲಿ ಬೇಟೆಯಾಡಲು ಇವರೇ ಬೇಕಾದರು!

ಮೂರನೆಯ ಭಾನುವಾರ ಮಿತ್ರರು ತಂದದ್ದು ಜಪಾನಿನ ಸಂಗತಿ, ಅದೂ ನಮ್ಮ ತೊಟ್ಟಿಯ ಆಮೆಯ ಜಾತಿಯದೇ. ಅಲ್ಲಿ ಮನೆಮನೆಯಲ್ಲಿ ಈ ಆಮೆಯಿದೆ. ಸಾಕುವುದೇ ಅಪರಾಧವೆಂದರೆ, ಹೆದರಿದ ಜನ ರಾತ್ರೋರಾತ್ರಿ ಕೊಳಗಳಿಗೆ ಸುರಿದುಬಿಡುತ್ತಾರೆಂದು ಸರ್ಕಾರ ಯೋಚಿಸಿತು. ಆದ್ದರಿಂದ 2023ರ ಜೂನ್‌ನಿಂದ ಮಾರುವುದನ್ನೂ ಹೊರಗೆ ಬಿಡುವುದನ್ನೂ ನಿಷೇಧಿಸಿ, ಸಾಕುತ್ತಿರುವವರು ಸಾಕಿಕೊಳ್ಳಲಿ ಎಂದಿತು. ನಮ್ಮಲ್ಲಿಯೂ 2022ರ ತಿದ್ದುಪಡಿ, ಇಂಥ ಪರಕೀಯ ಜೀವಿಗಳನ್ನು ತರುವುದು, ಮಾರುವುದು, ಇಟ್ಟುಕೊಳ್ಳುವುದನ್ನು ನಿಯಂತ್ರಿಸುವ ಅಧಿಕಾರವನ್ನು ಕೇಂದ್ರ ಸರ್ಕಾರಕ್ಕೆ ಕೊಟ್ಟಿದೆ. ಆ ಅಧಿಕಾರ ಬಳಸುವವರು ಜಪಾನಿನ ಈ ಲೋಕಜ್ಞಾನವನ್ನು ನೆನೆದರೆ ಒಳ್ಳೆಯದು.

ವಾದ ಅಲ್ಲಿಗೆ ನಿಂತಿತು. ನಮ್ಮಲ್ಲಿ ಯಾರೂ ಪೂರ್ತಿ ಗೆಲ್ಲಲಿಲ್ಲ. ಕಾಯಿದೆ ಹಾವನ್ನು ಹಿಡಿಯಲಾರದು. ಹಾವನ್ನು ಹಿಡಿದಿರುವ ಮನುಷ್ಯನ ಕೈಯನ್ನು ಮಾತ್ರ ಹಿಡಿಯಬಲ್ಲದು, ಅದೂ ಆ ಕೈ ಬುಟ್ಟಿಯ ಮುಚ್ಚಳ ತೆರೆಯುವ ಮೊದಲು. ತೆರೆದ ಮೇಲೆ ಉಳಿಯುವುದು ಇರುಳರ ಕಣ್ಣು, ನಾಯಿಯ ಮೂಗು, ಮತ್ತು ಮುಗಿಯದ ಖರ್ಚು.

ಇನ್ನು ನನ್ನ ಆಮೆ. ಈ ಜಾತಿ ಮೂವತ್ತು ವರ್ಷವಾದರೂ ಬದುಕುವುದುಂಟಂತೆ. ನನಗೆ ಈಗ ಎಪ್ಪತ್ತೊಂದು. ಲೆಕ್ಕ ಹಾಕಲು ವಕೀಲರು ಬೇಕಿಲ್ಲ. ಮೊನ್ನೆ ಮೊಮ್ಮಗನನ್ನು ಕರೆದು ತೊಟ್ಟಿಯ ಬಳಿ ಕೂರಿಸಿಕೊಂಡೆ. “ಇದನ್ನು ತಂದವನು ನಾನು, ತಪ್ಪು ನನ್ನದು. ನನ್ನ ನಂತರ ತೊಟ್ಟಿ ತೊಳೆಯುವವನು ನೀನು. ಕೆರೆಯ ಕಡೆಗೆ ಮಾತ್ರ ಒಯ್ಯಬೇಡ” ಎಂದೆ. ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ತೆಂಗಿನ ನಾರು ತೆಗೆದುಕೊಂಡು ತೊಟ್ಟಿಯ ಪಾಚಿ ಉಜ್ಜಲು ತೊಡಗಿದ.