1720 ಅಡಿ: ಆಲಮಟ್ಟಿಯ ಮಟ್ಟಸಂಖ್ಯೆಯೂ ಮನೆ-ನಗರಗಳ ಸಂಯುಕ್ತ ಮಾದರಿಯೂ

ಕೃಷ್ಣಾ ನದಿಯ ಆಲಮಟ್ಟಿ ಜಲಾಶಯದ ಯೋಜಿತ ಪೂರ್ಣಮಟ್ಟವಾದ 524.256 ಮೀಟರಿನ ಮೂರು ದಶಾಂಶಸ್ಥಾನಗಳಲ್ಲಿ ಭೂಮಾಪನದ ಅತಿಸೂಕ್ಷ್ಮತೆಯನ್ನು ಕಾಣುವ ವಾಚನವೊಂದು ರೂಢಿಯಲ್ಲಿದೆ. ಜಲಾಶಯದ ಹಿನ್ನೀರಿನ ಬೀಳಗಿ ಸೀಮೆಯ ಊರುಗಳ ಡಿಜಿಟಲ್ ನಕ್ಷೆಗಳ ಮೇಲೆ ಮುಳುಗಡೆಯ ಗೆರೆಯನ್ನು ಹೊಸ್ತಿಲಿನಿಂದ ಹೊಸ್ತಿಲಿಗೆ ನಿಶ್ಶಂಕೆಯಿಂದ ಎಳೆಯುವವರೆಲ್ಲರೂ ಈ ವಾಚನಕ್ಕೇ ಋಣಿಗಳು. ಅದು ತಪ್ಪೆಂದು ತೋರಿಸಲು ಗುಣಾಕಾರವೊಂದೇ ಸಾಕು. 1720ನ್ನು 0.3048ರಿಂದ ಗುಣಿಸಿದರೆ ಬರುವುದು ಸರಿಯಾಗಿ 524.256. ಎಂದರೆ ಇದು ಮಾಪನದ ಫಲವಲ್ಲ, ಅಡಿಗಳಲ್ಲಿ ಎಣಿಸಿದ ದುಂಡು ಸಂಖ್ಯೆಯೊಂದರ ಮೀಟರ್ ರೂಪ. 1964ರ ಮೇ ತಿಂಗಳಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ಅಣೆಕಟ್ಟಿಗೆ ಶಂಕುಸ್ಥಾಪನೆ ಮಾಡಿದಾಗ ದೇಶವು ಅಡಿಯಿಂದ ಮೀಟರಿಗೆ ದಾಟುತ್ತಲಿದ್ದಿತೆಂಬುದನ್ನು ಮರೆಯಲಾಗದು. 2000ದಲ್ಲಿ ಸರ್ವೋಚ್ಚ ನ್ಯಾಯಾಲಯವು ಅನುಮತಿಸಿದ 519.60 ಮೀಟರು ಯಾವ ದುಂಡು ಅಡಿಗೂ ಹೊಂದದು. ಅದು ಮೀಟರಿನಲ್ಲಿಯೇ ಹುಟ್ಟಿದ ಸಂಖ್ಯೆ. ಕೃಷ್ಣಾ ಜಲವಿವಾದ ನ್ಯಾಯಾಧಿಕರಣದ 2010ರ ತೀರ್ಪು ಹಳೆಯ 524.256ಕ್ಕೇ ಮರಳಿತು.

ಈ ಎರಡು ಮಟ್ಟಗಳ ಅಂತರ 4.656 ಮೀಟರು, ಮಾಳಿಗೆಮನೆಯೊಂದರ ಎತ್ತರಕ್ಕಿಂತ ತುಸು ಮಿಗಿಲು. ಬೀಳಗಿಯ ಬಳಿಯ ಬಾಡಗಂಡಿಯ ಸುತ್ತಣ ಸೀಮೆಯಲ್ಲಿ ಪುನರ್ವಸತಿಯ ವಾದಗಳೆಲ್ಲ ಈ ಅಂತರದೊಳಗೇ ನಡೆದಿರಲು, ಅದನ್ನು ಅಳೆಯುವ ಸಾಧನವಾದರೂ ಅದಕ್ಕೆ ತಕ್ಕುದಾಗಿರಬೇಡವೆ? 2000ದ ಫೆಬ್ರವರಿಯಲ್ಲಿ ಅಮೆರಿಕದ ಬಾಹ್ಯಾಕಾಶ ನೌಕೆಯಿಂದ ಸಂಗ್ರಹಿಸಿದ, ಎಲ್ಲರ ಕೈಗೂ ಸುಲಭವಾಗಿ ದೊರೆಯುವ ಭೂರೂಪದ ದತ್ತಾಂಶಕ್ಕೆ ವಿಧಿಸಿದ್ದ ಎತ್ತರದ ದೋಷಮಿತಿಯೇ 16 ಮೀಟರು. ಸಾಧಿತ ದೋಷವು ಅದಕ್ಕಿಂತ ಬಹಳ ಕಡಿಮೆಯೆಂಬುದು ನಿಜ. ಆದರೆ ಕೃಷ್ಣೆಯ ಎರೆಭೂಮಿಯ ಮಂದವಾದ ಇಳಿಜಾರಿನಲ್ಲಿ ಅರ್ಧ ಮೀಟರಿನ ಪ್ರಮಾದವೂ ಇಡೀ ಓಣಿಯೊಂದನ್ನು ಗೆರೆಯ ಆಚೆಗೋ ಈಚೆಗೋ ತಳ್ಳಬಲ್ಲದು. ಇದಕ್ಕೂ ಮಿಗಿಲಾದ ತೊಡಕೊಂದಿದೆ. ಉಪಗ್ರಹಾಧಾರಿತ ಜಿಪಿಎಸ್ ಉಪಕರಣವು ಮೂಲತಃ ಅಳೆಯುವ ಎತ್ತರವು ಗಣಿತಕಲ್ಪಿತವಾದ ದೀರ್ಘವೃತ್ತಗೋಳದ ಮೇಲಿನದು, ಜಲಾಶಯದ ಮಟ್ಟವು ಸಮುದ್ರಮಟ್ಟದಿಂದ ಎಣಿಸಿದ್ದು. ದಕ್ಷಿಣ ಭಾರತದಲ್ಲಿ ಇವೆರಡರ ನಡುವಣ ವ್ಯತ್ಯಾಸ ಹತ್ತಾರು ಮೀಟರು. ಕೋಲು ನಿಲ್ಲಿಸಿ, ಲೆವೆಲ್ ಯಂತ್ರದಿಂದ ಹಂತಹಂತವಾಗಿ ಮಟ್ಟವನ್ನು ಹೊತ್ತು ತಂದ ಸರ್ವೇಯವರ ಹಳೆಯ ಪುಸ್ತಕಗಳನ್ನು ಅಪ್ರಯೋಜಕವೆಂದು ಬದಿಗಿಡುವವರು ಇದನ್ನು ಲಕ್ಷಿಸುವುದೇ ಇಲ್ಲ. ಆ ಪುಸ್ತಕಗಳ ಪಕ್ಷವನ್ನು ನಾನು ಸಂಕೋಚವಿಲ್ಲದೆ ವಹಿಸುವೆನು.

ವಾಸ್ತುಶಿಲ್ಪವನ್ನೂ ನಗರಯೋಜನೆಯನ್ನೂ ಒಂದೇ ಡಿಜಿಟಲ್ ಮಾದರಿಯಲ್ಲಿ ಕೂಡಿಸುವ ಇಂದಿನ ಯತ್ನಗಳಿಗೂ, ಎತ್ತರವನ್ನು ಎಲ್ಲಿಂದ ಎಣಿಸುವುದೆಂಬ ಈ ಸಂಗತಿಗೂ ನೇರವಾದ ಸಂಬಂಧವುಂಟು. ಕಟ್ಟಡದ ಮಾದರಿಯನ್ನು ರಚಿಸುವವನು ನೆಲಮಟ್ಟವನ್ನೇ ಶೂನ್ಯವೆಂದು ಹಿಡಿದು ಪಡಸಾಲೆ, ಜಂತಿ, ಮೇಲ್ಮುದ್ದೆ, ಬೆಳಕಿಂಡಿಗಳನ್ನು ಎಣಿಸುತ್ತಾನೆ. ನಗರದ ಮಾದರಿಯವನು ಸಮುದ್ರಮಟ್ಟವನ್ನು ಹಿಡಿಯುತ್ತಾನೆ. ಕಟ್ಟಡಗಳಿಗೆ ಐಎಫ್‌ಸಿ, ನಗರಗಳಿಗೆ 2008ರಲ್ಲಿ ಅಂಗೀಕೃತವಾದ ಸಿಟಿಜಿಎಂಎಲ್ ಎಂದು ವಿನಿಮಯದ ಮಾನಕಗಳೇ ಎರಡಾದವು. ಇವುಗಳ ಸಂಯೋಗವನ್ನು ತಂತ್ರಾಂಶದ ಪ್ರಶ್ನೆಯೆಂದೇ ಬಗೆಯುವವರೊಡನೆ ನನಗೆ ಸಹಮತವಿಲ್ಲ. ಜಗಲಿಯ ಶೂನ್ಯವು ಸಮುದ್ರದಿಂದ ಎಷ್ಟು ಮೇಲಿದೆಯೆಂದು ಯಾರು, ಯಾವ ಮಟ್ಟಸೂಚಕ ಕಲ್ಲಿನಿಂದ ಅಳೆದರೆಂಬುದು ಮಾದರಿಯಲ್ಲಿ ದಾಖಲಾಗದಿದ್ದರೆ, ವಾಸ್ತುಶಿಲ್ಪಿ, ಯೋಜಕ, ಎಂಜಿನಿಯರರು ಒಂದೇ ಪರದೆಯ ಮುಂದೆ ಕುಳಿತಿದ್ದರೂ ಮೂರು ಬೇರೆ ಬೇರೆ ಊರುಗಳನ್ನು ರಚಿಸುತ್ತಿರುವರು.

ಆಲಮಟ್ಟಿಯ ಹಿನ್ನೀರಿನಿಂದ ಸ್ಥಳಾಂತರಗೊಂಡವರಿಗಾಗಿ ಕಟ್ಟಿದ ಬಾಗಲಕೋಟೆಯ ನವನಗರವನ್ನು ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾರ ಯೋಜನೆಯೆಂದಷ್ಟೇ ಕಾಣುವವರು, ಆ ನಗರವು ಹುಟ್ಟಿದ್ದು ಒಂದು ಮಟ್ಟರೇಖೆಯಿಂದ ಎಂಬುದನ್ನು ಮರೆಯುತ್ತಾರೆ. ಆ ರೇಖೆಯಾದರೂ ಸಮತಲವಲ್ಲ: ಕಟ್ಟೆಯ ಬಳಿ 524.256 ಇರುವ ನೀರು ಪ್ರವಾಹಕಾಲದಲ್ಲಿ ಮೇಲ್ಭಾಗದ ಬೀಳಗಿ, ಜಮಖಂಡಿಗಳ ಕಡೆಗೆ ಹೋದಂತೆ ಅದಕ್ಕಿಂತ ಎತ್ತರಕ್ಕೆ ಏರಿ ನಿಲ್ಲುವುದು. ಆದುದರಿಂದ ಬೀಳಗಿಯ ದಡದ ಮನೆಯೊಂದನ್ನು ಸಂಯುಕ್ತ ಮಾದರಿಯಲ್ಲಿ ಇರಿಸುವಾಗ ಆಲಮಟ್ಟಿಯ ಸಂಖ್ಯೆಯನ್ನು ಹಾಗೆಯೇ ನಕಲು ಮಾಡದೆ, ನದಿಯ ಅಡ್ಡಛೇದಗಳಿಂದ ಆ ದಡದ ಮಟ್ಟವನ್ನೇ ಲೆಕ್ಕಹಾಕಿ ನಮೂದಿಸತಕ್ಕದ್ದು.